ವಾಟರ್ ಟೆಂಪಲ್ ನಿಜವಾಗಿ ಕೆಟ್ಟ ಡಂಜನ್ನಾ? ಮಾಟುಂಗಾದ ಜಗಳ ಇಲ್ಲಿ ಮುಂದುವರಿಸೋಣ

ಠಾಣೆ_ಲೋಕಲ್

ಭಾನುವಾರ ಮಾಟುಂಗಾದಲ್ಲಿ ಕಾಫಿ ಆರಿತು, ಜಗಳ ಆರಲಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಬರದೇ ಇದ್ದವರಿಗೆ ವಿಷಯ ಇಷ್ಟೇ: 1998ರಲ್ಲಿ ನಿಂಟೆಂಡೊ 64 ಗೇಮ್ ಯಂತ್ರಕ್ಕೆ ಬಂದ ಜೆಲ್ಡಾ ಆಟ, ಒಕರಿನಾ ಆಫ್ ಟೈಮ್. ಅದರಲ್ಲಿ ಹೈಲಿಯಾ ಕೆರೆಯ ತಳದಲ್ಲಿ ವಾಟರ್ ಟೆಂಪಲ್ ಅಂತ ಒಂದು ಡಂಜನ್ ಇದೆ, ಅಂದರೆ ಒಗಟು, ಬೀಗ, ಶತ್ರುಗಳು ತುಂಬಿದ ಗುಡಿ. ಹೆಸರೆತ್ತಿದರೆ ಸಾಕು, ಆಡಿದವರೆಲ್ಲ ಹಲ್ಲು ಕಡಿಯುತ್ತಾರೆ. ಭಾನುವಾರ ಮೂವರು ಸೇರಿ ಇಡೀ ಸರಣಿಯಲ್ಲೇ ಕೆಟ್ಟ ಡಂಜನ್ ಇದು ಅಂತ ತೀರ್ಪು ಕೊಟ್ಟುಬಿಟ್ಟರು. ನಾನು ಒಪ್ಪಲ್ಲ.

ಅಲ್ಲಿನ ಪಜಲ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಪಂಜು ಹೊತ್ತಿಸು, ಗುರಿಗೆ ಹುಕ್‌ಶಾಟ್ (ಸರಪಳಿ ಕಟ್ಟಿದ ಕೊಕ್ಕೆ) ಹೊಡಿ, ಬಾಂಬ್ ಇಟ್ಟು ಬಿರುಕು ಒಡಿ. ಇವನ್ನೆಲ್ಲ ಆಟ ಅಷ್ಟು ಹೊತ್ತಿಗೆ ಹತ್ತು ಕಡೆ ಮಾಡಿಸಿರುತ್ತದೆ. ಕಷ್ಟ ಇರುವುದು ಕೋಣೆಯೊಳಗೆ ಅಲ್ಲ, ಕೋಣೆಗಳ ನಡುವೆ. ಮಧ್ಯದಲ್ಲಿ ಒಂದು ಗೋಪುರ. ಸುತ್ತ ಮಹಡಿಗಳು. ನೀರಿಗೆ ಮೂರು ಮಟ್ಟ. ತ್ರೈಫೋರ್ಸ್ (ಮೂರು ತ್ರಿಕೋನ) ಗುರುತಿನ ಫಲಕ ಮೂರು ಕಡೆ ಇದೆ. ಅದರ ಮುಂದೆ ನಿಂತು ಒಕರಿನಾ ಕೊಳಲಿನಲ್ಲಿ ಜೆಲ್ಡಾಳ ಲಾಲಿ ಹಾಡು ನುಡಿಸಿದರೆ ಆ ಫಲಕದ ಮಟ್ಟಕ್ಕೆ ನೀರು ಬಂದು ನಿಲ್ಲುತ್ತದೆ. ಕೆಳಗಿನ ಮಟ್ಟದಲ್ಲಿ ಕೈಗೆಟುಕದ ಬಾಗಿಲಿಗೆ ಮೇಲಿನ ಮಟ್ಟದಲ್ಲಿ ಈಜಿಕೊಂಡೇ ಹೋಗಬಹುದು. ಆದರೆ ಅದೇ ನೀರು ಇನ್ನೊಂದು ಕಡೆ ನಡೆದು ಹೋಗುವ ದಾರಿಯನ್ನು ಮುಳುಗಿಸಿರುತ್ತದೆ.

ಅಂದರೆ ಇಡೀ ಗುಡಿಯೇ ಒಂದು ಪಜಲ್. ಒಂದು ಕಡೆ ಮುಟ್ಟಿದರೆ ಎಲ್ಲ ಕಡೆ ಅಲುಗುತ್ತದೆ. 1998ರಲ್ಲಿ, ಮೂರು ಆಯಾಮದ ಆಟಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಇಂಥದ್ದನ್ನು ಕಟ್ಟಿದ್ದಾರಲ್ಲ, ಅದಕ್ಕೆ ಬೈಗುಳವಾ?

ಹಿಂಜವಡಿ_ರಾತ್ರಿಪಾಳಿ

ಬೂಟು. ಬೂಟಿನ ಮಾತೇ ಎತ್ತಲಿಲ್ಲವಲ್ಲ ಸ್ವಾಮಿ?

ಕಬ್ಬಿಣದ ಬೂಟು ಹಾಕಿದರೆ ಮುಳುಗುತ್ತೀರಿ, ಬಿಚ್ಚಿದರೆ ತೇಲುತ್ತೀರಿ. ಹಳೇ ಆಟದಲ್ಲಿ ಅದನ್ನು ಹಾಕಬೇಕಾದರೆ ಸ್ಟಾರ್ಟ್ ಒತ್ತಬೇಕು, ಸಲಕರಣೆಗಳ ಪುಟಕ್ಕೆ ತಿರುಗಿಸಬೇಕು, ಬೂಟು ಆರಿಸಬೇಕು, ಹೊರಗೆ ಬರಬೇಕು. ಎರಡು ಹೆಜ್ಜೆ ನಡೆದು ಮೇಲೆ ಬರಬೇಕೆಂದರೆ ಮತ್ತೆ ಅದೇ ಪೂಜೆ. ಬಾಗಿಲು ನೀರಿನ ತಳದಲ್ಲಿ, ಅಂಚು ನೀರಿನ ಮೇಲೆ. ಒಂದು ಕೋಣೆಗೇ ಎಷ್ಟು ಸಲ ಆಟ ನಿಲ್ಲುತ್ತದೆ ನೋಡಿ.

ಏನು ಕಟ್ಟಬೇಕಿತ್ತೋ ಕಟ್ಟಿದ್ದಾರೆ, ಸರಿ. ಆದರೆ ಆಡುವವನಿಗೆ ಸಿಗುವುದು ಕಟ್ಟಡದ ನಕ್ಷೆ ಅಲ್ಲ, ಕೈಯಲ್ಲಿರುವ ಕಂಟ್ರೋಲರ್. ಎರಡನ್ನೂ ಬೇರೆ ಮಾಡಿ ಒಂದಕ್ಕೆ ಮಾತ್ರ ಮಾರ್ಕ್ಸ್ ಕೊಡಕ್ಕಾಗಲ್ಲ.

ಠಾಣೆ_ಲೋಕಲ್

ಬೇರೆ ಮಾಡಬಹುದು. ಅದಕ್ಕೆ ಸಾಕ್ಷಿಯೂ ಇದೆ. 2011ರಲ್ಲಿ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ತ್ರೀಡಿಎಸ್‌ಗೆ ಇದೇ ಆಟ ಮತ್ತೆ ಬಂತು. ಬೂಟನ್ನು ಬಟನ್‌ಗೆ ಹಚ್ಚಿಕೊಳ್ಳುವ ಹಾಗೆ ಮಾಡಿದರು. ನೀರಿನ ಮಟ್ಟ ಬದಲಿಸುವ ಜಾಗಕ್ಕೆ ದಾರಿ ತೋರಿಸಲು ಗೋಡೆ ಮೇಲೆ ಬಣ್ಣದ ಪಟ್ಟಿ ಎಳೆದರು. ಗುಡಿಯ ಗೋಡೆ, ಮಹಡಿ, ಮೂರು ಮಟ್ಟದ ಲೆಕ್ಕ ಎಲ್ಲ ಹಾಗೇ ಉಳಿಯಿತು. ಅದನ್ನು ಆಡಿದ ಎಷ್ಟೋ ಜನ ಇದಕ್ಕಾ ಇಷ್ಟು ಗಲಾಟೆ ಅಂತ ಕೇಳಿದರು. ಕಟ್ಟಡವೇ ಕೆಟ್ಟದ್ದಾಗಿದ್ದರೆ ಬೂಟು ಸರಿಮಾಡಿದರೆ ಸರಿಹೋಗುತ್ತಿತ್ತಾ?

ಈ ಡಂಜನ್‌ಗಳನ್ನು ರೂಪಿಸಿದ ಏಜಿ ಅಓನುಮಾ ಕೂಡ ವಾಟರ್ ಟೆಂಪಲ್ ಬಗ್ಗೆ ಕ್ಷಮೆ ಕೇಳಿದ್ದಾರೆ. ಅವರಿಗೆ ಕೊರೆದದ್ದು ಇದೇ ಬೂಟಿನ ಕಿರಿಕಿರಿ. ಅಂದಹಾಗೆ ಅವರು ಓದಿದ್ದು ಟೋಕಿಯೊದ ಕಲಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಮಾಡುತ್ತಿದ್ದದ್ದು ಕರಕುರಿ, ಅಂದರೆ ಒಳಗಿನ ಯಂತ್ರದಿಂದ ಚಲಿಸುವ ಗೊಂಬೆಗಳು. ಅದು ಗೊತ್ತಾದ ಮೇಲೆ ಅವರ ಡಂಜನ್‌ಗಳು ನನಗೆ ಬೇರೆ ತರಹ ಕಾಣತೊಡಗಿದವು. ಒಂದು ಕಡ್ಡಿ ಎಳೆದರೆ ಇನ್ನೆಲ್ಲೋ ಏನೋ ಏಳಬೇಕು ಅನ್ನುವ ಆಸೆ ಎಲ್ಲದರಲ್ಲೂ ಇದೆ.

ಚೆಂಬೂರ್_ಅಜ್ಜ

ಮಕ್ಕಳಾ, ಇದನ್ನೆಲ್ಲ ಮೊದಲು ಮಾಡಿದ್ದು ಒಕರಿನಾ ಅಂದುಕೊಂಡಿದ್ದೀರಾ? ಅದಕ್ಕೂ ಐದು ವರ್ಷ ಹಿಂದೆ, 1993ರಲ್ಲಿ, ಅಂಗೈ ಅಗಲದ ಗೇಮ್‌ಬಾಯ್‌ನಲ್ಲಿ ಮಾಡಿ ಮುಗಿಸಿದ್ದರು. ಲಿಂಕ್ಸ್ ಅವೇಕನಿಂಗ್ ಅನ್ನುವ ಜೆಲ್ಡಾ ಆಟ, ಏಳನೇ ಡಂಜನ್, ಈಗಲ್ಸ್ ಟವರ್.

ಅಲ್ಲಿ ಒಂದು ಭಾರದ ಗುಂಡು ಸಿಗುತ್ತದೆ. ಅದನ್ನು ಎತ್ತಿಕೊಂಡು ಹೋಗಿ ನಾಲ್ಕು ಕಂಬಗಳಿಗೆ ಹೊಡೆದು ಉರುಳಿಸಬೇಕು. ಕೇಳಲು ಸುಲಭ. ಆದರೆ ನೀವು ದಾಟಬಲ್ಲ ಕಡೆಯಲ್ಲೆಲ್ಲ ಗುಂಡು ನಿಮ್ಮ ಜೊತೆ ದಾಟಲ್ಲ. ಒಂದು ಕಡೆ ಅಡ್ಡಗಟ್ಟೆಯ ಮೇಲಿಂದ ಆಚೆ ಎಸೆಯಬೇಕು, ಆಮೇಲೆ ಸುತ್ತು ಹಾಕಿ ಬಂದು ಎತ್ತಿಕೊಳ್ಳಬೇಕು. ಹಾಗಾಗಿ ಒಂದೇ ಮಹಡಿಯನ್ನು ಎರಡು ಕಣ್ಣಿಂದ ನೋಡಬೇಕಾಗುತ್ತದೆ: ನನಗೆ ಎಲ್ಲಿ ದಾರಿ, ಗುಂಡಿಗೆ ಎಲ್ಲಿ ದಾರಿ.

ನಾಲ್ಕನೇ ಕಂಬ ಬಿದ್ದಾಗ ಮೇಲಿನ ಮಹಡಿ ಕುಸಿದು ಕೆಳಗಿನ ಮಹಡಿಯ ಮೇಲೆ ಕೂರುತ್ತದೆ. ಮ್ಯಾಪ್ ತೆಗೆದರೆ ಮ್ಯಾಪೂ ಬದಲಾಗಿರುತ್ತದೆ. ಎರಡು ಬಟನ್, ಬಣ್ಣವೇ ಇಲ್ಲದ ಪರದೆ, ಅದರಲ್ಲಿ ಕಟ್ಟಡ ಬೀಳಿಸಿದರು! ಬೂಟು ಹಾಕು ಬಿಚ್ಚು ಕಾಟವೂ ಇಲ್ಲ. ಎಳೆಯರಿಗೆ ಹಳೇ ಗೇಮ್‌ಬಾಯ್ ಹುಡುಕುವ ಕಷ್ಟ ಬೇಡ. 2019ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಹೊಸದಾಗಿ ಮಾಡಿದ್ದಾರೆ, ಟವರ್ ಅದರಲ್ಲೂ ಬೀಳುತ್ತದೆ.

ವಾಸ್ಕೊ_ಕಿಟ್ಟಿ

ಎಲ್ಲರಿಗೂ ನಮಸ್ಕಾರ. ನಿಮ್ಮ ಜಗಳ ಆಮೇಲೆ ಮಾಡಿಕೊಳ್ಳಿ, ನಾನು ಈಗ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ 😭 ದೊಡ್ಡಪ್ಪ ದುಬೈನಿಂದ ತಂದಿದ್ದ ಹಳೇ ಎನ್64 ಇನ್ನೂ ನಡೆಯುತ್ತಿದೆ. ಗೋಪುರದ ಒಳಗಿನ ಫಲಕದ ಹತ್ತಿರ ಹಾಡು ನುಡಿಸಿ ನೀರನ್ನು ನಡು ಮಟ್ಟಕ್ಕೆ ತಂದೆ. ಈಗ ಎಲ್ಲಿ ಹೋದರೂ ಬೀಗ ಹಾಕಿದ ಬಾಗಿಲು. ಕೈಯಲ್ಲಿ ಒಂದು ಕೀ ಕೂಡ ಇಲ್ಲ. ಕೀಯನ್ನು ತಪ್ಪು ಬಾಗಿಲಿಗೆ ಹಾಕಿ ಕಳೆದುಕೊಂಡರೆ ಆಟವೇ ಮುಗಿಸಕ್ಕಾಗಲ್ಲ ಅಂತ ಗೆಳೆಯ ಹೆದರಿಸಿದ್ದಾನೆ. ಹೌದಾ? ವಾಕ್‌ಥ್ರೂ (ಪೂರ್ತಿ ದಾರಿ ಹೇಳಿಕೊಡುವ ಬರಹ) ನೋಡಬಾರದು ಅಂತ ಶಪಥ ಮಾಡಿದ್ದೇನೆ. ಸುಳಿವು ಮಾತ್ರ ಕೊಡಿ.

ಮುಲುಂಡ್_ಮಲ್ಲಿಗೆ

ಕಿಟ್ಟಿ, ಸುಳಿವು: ನೀರು ಏರಿದಾಗ ನಿಮ್ಮ ಜೊತೆ ಇನ್ನೇನು ಏರಿತು? ಅದು ಮೊದಲು ಎಲ್ಲಿ ಕೂತಿತ್ತು?

ಸಾಲದಿದ್ದರೆ ಹೇಳಿ. ಕಂಪಾಸ್ ಸಿಕ್ಕಿದ್ದರೆ ಮ್ಯಾಪ್‌ನಲ್ಲಿ ಇನ್ನೂ ತೆರೆಯದ ಪೆಟ್ಟಿಗೆಗಳ ಗುರುತು ಕಾಣುತ್ತದೆ. ಎಲ್ಲ ಮಹಡಿಯನ್ನೂ ತಿರುಗಿಸಿ ನೋಡಿ.

ಹಿಂಜವಡಿ_ರಾತ್ರಿಪಾಳಿ

ಕಿಟ್ಟಿಯ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ನನ್ನ ಹೊಟ್ಟೆಪಾಡಿಗೆ ಹತ್ತಿರದ ವಿಷಯ. ಗೆಳೆಯ ಸುಮ್ನೆ ಹೆದರಿಸಿದ್ದಾನೆ. ಕೀ ಕಳೆದುಹೋಗುವುದಿಲ್ಲ. ನೀವು ಕಂಡಿಲ್ಲದ ಕೀ ಒಂದು ಬಾಕಿ ಇದೆ, ಅಷ್ಟೇ.

ಚಿಕ್ಕ ಕೀಗೆ ತನ್ನದೇ ಬಾಗಿಲು ಅಂತ ಇಲ್ಲ. ಆ ಡಂಜನ್ನಿನ ಯಾವ ಸಾಮಾನ್ಯ ಬೀಗಕ್ಕೂ ಹೊಂದುತ್ತದೆ. ವಾಟರ್ ಟೆಂಪಲ್‌ನಲ್ಲಿ ಅಂಥ ಕೀ ಒಟ್ಟು 6. ನಿಮ್ಮ ಕೈಯಲ್ಲಿ ಒಂದು ಕೀ ಇದೆ, ಎದುರಿಗೆ ಎರಡು ಬೀಗ ಇವೆ ಅಂದುಕೊಳ್ಳಿ. ಯಾವುದನ್ನು ತೆರೆಯುತ್ತೀರಿ ಅಂತ ಆಟ ಕಟ್ಟಿದವರಿಗೆ ಗೊತ್ತಿಲ್ಲ. ನೀವು ಅತಿ ಕೆಟ್ಟ ಸಾಲಿನಲ್ಲಿ ಬೀಗ ತೆರೆದರೂ ಮುಂದಿನ ಕೀ ಎಲ್ಲೋ ಒಂದು ಕಡೆ ಕೈಗೆಟುಕುವ ಹಾಗೆ ಇರಬೇಕು. ಒಂದೊಂದು ಬೀಗ ಸೇರಿಸಿದ ಹಾಗೆ ನೋಡಬೇಕಾದ ಸಾಲುಗಳು ಗುಣಿಸುತ್ತಾ ಹೋಗುತ್ತವೆ. ಇದರ ಮೇಲೆ ನೀರು ಮೂರು ಮಟ್ಟದಲ್ಲಿ ಯಾವುದರಲ್ಲಾದರೂ ಇರಬಹುದು. ಇದನ್ನೆಲ್ಲ ಕಾಗದದ ಮೇಲೆ ಕೂತು ಲೆಕ್ಕ ಹಾಕಿದವರಿಗೆ ಒಂದು ನಮಸ್ಕಾರ. ಕಟ್ಟಡದ ಬಗ್ಗೆ ಠಾಣೆಯವರ ಮಾತು ಇಷ್ಟರ ಮಟ್ಟಿಗೆ ಒಪ್ಪುತ್ತೇನೆ. ಬೂಟಿನ ಬಗ್ಗೆ ಅಲ್ಲ!

1986ರ ಮೊದಲ ಜೆಲ್ಡಾದಲ್ಲಿ ಈ ತಲೆನೋವು ಇರಲಿಲ್ಲ. ಅಲ್ಲಿ ಒಂದು ಡಂಜನ್‌ನಲ್ಲಿ ಸಿಕ್ಕ ಕೀಯನ್ನು ಇನ್ನೊಂದರಲ್ಲಿ ಬಳಸಬಹುದಿತ್ತು. ಸಾಲದಿದ್ದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬಹುದಿತ್ತು. ಆಮೇಲಾಮೇಲೆ ಕೀಗಳು ಆಯಾ ಡಂಜನ್‌ಗೇ ಅಂಟಿಕೊಂಡವು. ಒಗಟು ಬಿಗಿಯಾದದ್ದು ಅಲ್ಲಿಂದ.

ಚೆಂಬೂರ್_ಅಜ್ಜ

ಅಂಗಡಿಯಲ್ಲಿ ಕೀ ತರುವುದು ಮಹಾ ಸುಖ. ಈಗಿನವರಿಗೆ ಆ ಭಾಗ್ಯ ಇಲ್ಲ.

ಮುಲುಂಡ್_ಮಲ್ಲಿಗೆ

ನಾನು ಬೂಟಿನ ಪಕ್ಷವೂ ಅಲ್ಲ, ನೀರಿನ ಪಕ್ಷವೂ ಅಲ್ಲ. ಅದೇ ಆಟದ ಫಾರೆಸ್ಟ್ ಟೆಂಪಲ್ ಪಕ್ಷ.

ಅಲ್ಲಿಯೂ ಇಡೀ ಕಟ್ಟಡದ ಲೆಕ್ಕವೇ. ಒಳಗೆ ಬಂದ ಕೂಡಲೇ ದೊಡ್ಡ ಹಜಾರ, ನಡುವೆ ಲಿಫ್ಟ್, ನಾಲ್ಕು ಪಂಜು ಉರಿಯುತ್ತಿವೆ. ನಿಮ್ಮ ಕಣ್ಣೆದುರಿಗೇ ನಾಲ್ಕು ದೆವ್ವಗಳು ಬಂದು ಆ ನಾಲ್ಕು ಬಣ್ಣದ ಬೆಂಕಿಯನ್ನು ಕದ್ದು ಹೋಗುತ್ತವೆ. ಲಿಫ್ಟ್ ಕೆಳಗೆ ಇಳಿದುಹೋಗುತ್ತದೆ. ಅಷ್ಟೇ, ಕೆಲಸ ಗೊತ್ತಾಯಿತು: ನಾಲ್ಕನ್ನೂ ಹಿಡಿ, ಬೆಂಕಿ ವಾಪಸ್ ತಾ, ಲಿಫ್ಟ್ ಏರಿಸು. ಒಂದು ಮಾತಿಲ್ಲ. ಆ ದೆವ್ವ ಅಕ್ಕತಂಗಿಯರಲ್ಲಿ ಒಬ್ಬಳನ್ನು ಮುಗಿಸಿದಾಗಲೆಲ್ಲ ಹಜಾರದಲ್ಲಿ ಒಂದು ಪಂಜು ಹೊತ್ತುತ್ತದೆ. ಎಷ್ಟು ಆಯಿತು, ಎಷ್ಟು ಉಳಿಯಿತು ಅನ್ನುವುದು ಮ್ಯಾಪ್ ಇಲ್ಲದೆಯೇ ಕಾಣುತ್ತದೆ.

ವಾಟರ್ ಟೆಂಪಲ್‌ನಲ್ಲಿ ಹಾಗೆ ಕಾಣಲ್ಲ. ನಡು ಗೋಪುರಕ್ಕೆ ಬಂದು ನಿಂತರೆ ನೀರು ಎಲ್ಲಿದೆ ಅಂತ ಕಾಣುತ್ತದೆ, ನಾನು ಎಲ್ಲಿದ್ದೇನೆ ಅಂತ ಕಾಣಲ್ಲ. ಅರ್ಧ ಮುಗಿಸಿದವನಿಗೂ ಮುಕ್ಕಾಲು ಮುಗಿಸಿದವನಿಗೂ ಅದೇ ನೀಲಿ ಗೋಡೆ. ನನ್ನ ಪ್ರಕಾರ ಅದೇ ಅದರ ದೋಷ, ಬೂಟು ಅಲ್ಲ.

ಇನ್ನು ಫಾರೆಸ್ಟ್‌ನ ಆ ತಿರುಚಿದ ಓಣಿ! ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡ ಕಾರಿಡಾರ್, ಕಾರ್ಪೆಟ್ ಗೋಡೆ ಮೇಲೆ ಹತ್ತಿ ಹೋಗುತ್ತದೆ. ಬಿಲ್ಲು ಸಿಕ್ಕ ಮೇಲೆ ಕಣ್ಣಿನ ಆಕಾರದ ಸ್ವಿಚ್‌ಗೆ ಬಾಣ ಬಿಟ್ಟರೆ ಓಣಿ ನೆಟ್ಟಗಾಗುತ್ತದೆ. ಈಗ ಅದೇ ಬಾಗಿಲಿನಿಂದ ಹೋದರೆ ಅದೇ ಆಚೆಯ ಕೋಣೆ, ಆದರೆ ನೆಲ ಯಾವುದು ಗೋಡೆ ಯಾವುದು ಅನ್ನುವುದು ಅದಲುಬದಲು. ಮೊದಲು ತಲೆ ಮೇಲಿದ್ದ ಪೆಟ್ಟಿಗೆಗೆ ಈಗ ನಡೆದು ಹೋಗಬಹುದು. ಎರಡೇ ಸ್ಥಿತಿ, ನೇರ ಮತ್ತು ತಿರುಚು. ಯಾವುದರಲ್ಲಿದ್ದೇನೆ ಅಂತ ಓಣಿಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ.

ಠಾಣೆ_ಲೋಕಲ್

ಮಲ್ಲಿಗೆಯವರ ಈ ಮಾತು ಭಾನುವಾರ ಯಾರೂ ಹೇಳಿರಲಿಲ್ಲ. ಗಟ್ಟಿ ಇದೆ. ಆದರೂ ಒಂದು ಕೇಳುತ್ತೇನೆ.

2023ರ ಡಿಸೆಂಬರ್‌ನಲ್ಲಿ ಮುಂಬೈನ ದಾದರ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ನಂಬರ್ ಬದಲಿಸಿದ್ದು ನೆನಪಿದೆಯಾ? ವೆಸ್ಟರ್ನ್ ರೈಲ್ವೆ ಕಡೆ 1ರಿಂದ 7 ಹಾಗೇ ಉಳಿಯಿತು, ಸೆಂಟ್ರಲ್ ಕಡೆಯವು 8ರಿಂದ 14 ಆದವು. ಸೇತುವೆ ಅದೇ, ಮೆಟ್ಟಿಲು ಅದೇ, ಗಾಡಿ ನಿಲ್ಲುವ ಜಾಗವೂ ಅದೇ. ಆದರೂ ವರ್ಷಗಟ್ಟಲೆ ಅಲ್ಲಿ ಓಡಾಡಿದವರು ಸೇತುವೆ ಮೇಲೆ ನಿಂತು ಬೋರ್ಡ್ ನೋಡುತ್ತಿದ್ದರು. ಆಮೇಲೆ ಅದೂ ಕಾಲಿಗೆ ಬಂತು, ಈಗ ಯಾರೂ ಬೋರ್ಡ್ ನೋಡಲ್ಲ. ವಾಟರ್ ಟೆಂಪಲ್ ಬೇಡುವುದೂ ಅದನ್ನೇ. ಗುರುತು ನೋಡಬೇಡ, ಜಾಗವನ್ನೇ ತಲೆಯಲ್ಲಿ ಇಟ್ಟುಕೋ. ಫಾರೆಸ್ಟ್ ಟೆಂಪಲ್ ನಿಮಗಾಗಿ ಪಂಜು ಹೊತ್ತಿಸಿ ಲೆಕ್ಕ ಇಡುತ್ತದೆ. ಇದು ಇಡಲ್ಲ. ಅದು ದೋಷವಾ, ಬೇರೆ ಬಗೆಯ ಆಟವಾ?

ಹಿಂಜವಡಿ_ರಾತ್ರಿಪಾಳಿ

ದಾದರ್‌ನಲ್ಲಿ ಬೋರ್ಡಾದರೂ ಇತ್ತು ಗುರುಗಳೇ.

ಮುಲುಂಡ್_ಮಲ್ಲಿಗೆ

😂 ಅದೇ ನಾನು ಹೇಳಿದ್ದು! ತ್ರೀಡಿಎಸ್‌ನಲ್ಲಿ ಬಣ್ಣದ ಪಟ್ಟಿ ಎಳೆದರು ಅಂತ ನೀವೇ ಬರೆದಿರಿ. ಬೋರ್ಡ್ ಹಾಕಿದರು ಅಂತಲೇ ಅದರ ಅರ್ಥ. ಬೂಟು ಒಂದೇ ತೊಂದರೆ ಆಗಿದ್ದರೆ ಪಟ್ಟಿ ಯಾಕೆ ಬೇಕಿತ್ತು?

ಬೈದದ್ದು ಸಾಕು, ಒಂದು ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಡಾರ್ಕ್ ಲಿಂಕ್ (ನಾವು ಆಡಿಸುವ ನಾಯಕ ಲಿಂಕ್‌ನ ಕಪ್ಪು ರೂಪ) ಕೋಣೆ. ಇಡೀ ಗುಡಿಯಲ್ಲಿ ಕಲ್ಲು, ಗೋಡೆ, ಇಕ್ಕಟ್ಟು. ಒಂದು ಬಾಗಿಲು ತೆರೆದರೆ ಗೋಡೆಯೇ ಇಲ್ಲ. ಪಾದ ಮುಳುಗುವಷ್ಟು ನೀರು, ಮಂಜು, ನಡುವೆ ಪುಟ್ಟ ದಿಬ್ಬ, ಅದರ ಮೇಲೆ ಒಂದು ಒಣ ಮರ. ಆಚೆ ಬಾಗಿಲು ಕಾಣುತ್ತದೆ. ಹೋಗಿ ನೋಡಿದರೆ ಅದು ತೆರೆಯಲ್ಲ. ಹೋಗುವಾಗ ನೀರಿನಲ್ಲಿ ನಿಮ್ಮ ಪ್ರತಿಬಿಂಬ ಇರುತ್ತದೆ. ವಾಪಸ್ ಬರುವಾಗ ಇರಲ್ಲ. ಮರದ ಹತ್ತಿರ ಯಾರೋ ನಿಂತಿದ್ದಾರೆ. ಅವನನ್ನು ಸೋಲಿಸಿದ ಮೇಲೆ ಮಂಜೆಲ್ಲ ಹೋಗಿ ಅದೊಂದು ಸಾದಾ ಕೋಣೆ ಆಗಿಬಿಡುತ್ತದೆ. ಅಲ್ಲಿ ಪಜಲ್ ಇಲ್ಲ, ಕೀ ಇಲ್ಲ, ನೀರಿನ ಮಟ್ಟ ಇಲ್ಲ. ತಲೆ ಬಿಸಿಯಾದವನಿಗೆ ಸ್ವಲ್ಪ ಹೊತ್ತು ಬರೀ ಕತ್ತಿ ಕೊಟ್ಟು ಬಿಟ್ಟಿದ್ದಾರೆ. ಅದನ್ನು ಎಲ್ಲಿಟ್ಟಿದ್ದಾರೆ ಅನ್ನುವುದೇ ಜಾಣತನ.

ವಾಸ್ಕೊ_ಕಿಟ್ಟಿ

ಸುಳಿವು ಸಾಲಲಿಲ್ಲ. ನನ್ನ ಜೊತೆ ಒಂದು ಕಟ್ಟೆ ತರಹದ್ದು ತೇಲಿ ಬಂದಿದೆ. ಅದರ ಮೇಲೆ ಹತ್ತಿ ನಿಂತೆ. ಏನೂ ಆಗಲಿಲ್ಲ.

ಠಾಣೆ_ಲೋಕಲ್

ಮೇಲೆ ಹತ್ತಬೇಡ ಮಾರಾಯ. ಕೆಳಗೆ.

ಮುಲುಂಡ್_ಮಲ್ಲಿಗೆ

ಇನ್ನು ಪೂರ್ತಿ ಹೇಳಿಬಿಡುತ್ತೇನೆ, ಶಪಥ ಇದ್ದರೆ ಓದಬೇಡಿ. ಆ ಕಟ್ಟೆ ಮೊದಲು ಗೋಪುರದ ತಳದಲ್ಲಿ ಕೂತಿತ್ತು. ಅದರ ಅಡಿಯಲ್ಲಿ ಒಂದು ಹೊಂಡ ಮುಚ್ಚಿಹೋಗಿತ್ತು. ಈಗ ಬಾಯಿ ತೆರೆದಿದೆ. ಪಕ್ಕಕ್ಕೆ ಸರಿದು ಬೂಟು ಹಾಕಿ ನೇರ ಇಳಿಯಿರಿ. ಒಳಗೆ ಶತ್ರುಗಳಿವೆ. ತಳದಲ್ಲಿ ಕತ್ತಿ ನಡೆಯಲ್ಲ, ಹುಕ್‌ಶಾಟ್ ಮಾತ್ರ. ಕೀ ಇರುವ ಪೆಟ್ಟಿಗೆ ಅಲ್ಲೇ ಇದೆ.

ಹೆಚ್ಚಿನವರು ತಪ್ಪಿಸಿಕೊಳ್ಳುವ ಕೀ ಇದೇ. ಯಾಕೆ ಅಂದರೆ ನೀರು ಏರಿದ ಕೂಡಲೇ ಎಲ್ಲರಿಗೂ ಮೇಲಿನ ಮಹಡಿಗೆ ಹೋಗುವ ಆತುರ. ಈಗಷ್ಟೇ ಬಿಟ್ಟು ಬಂದ ತಳವನ್ನು ಯಾರು ತಿರುಗಿ ನೋಡುತ್ತಾರೆ?

ಹಿಂಜವಡಿ_ರಾತ್ರಿಪಾಳಿ

ಕಿಟ್ಟಿ ಇಳಿಯುವಷ್ಟರಲ್ಲಿ ಇನ್ನೊಂದು ಜಗಳ. ಭಾನುವಾರ ಒಬ್ಬರು 2017ರ ಜೆಲ್ಡಾ ಆಟ ಬ್ರೆತ್ ಆಫ್ ದಿ ವೈಲ್ಡ್ ಬಂದ ಮೇಲೆ ಡಂಜನ್ ಕಾಲ ಮುಗಿಯಿತು ಅಂದರಂತೆ. 120 ಶ್ರೈನ್, ಎಲ್ಲ ಚಿಕ್ಕ ಚಿಕ್ಕ ಕೋಣೆ, ಅದು ನಿಜ. ಆದರೆ ಒಳಗೆ ಹೊಕ್ಕು ಆಡುವ ನಾಲ್ಕು ದೈತ್ಯ ಯಂತ್ರಪ್ರಾಣಿಗಳು, ಡಿವೈನ್ ಬೀಸ್ಟ್‌ಗಳನ್ನು ಮರೆತರೆ ಹೇಗೆ? ಮ್ಯಾಪ್ ತೆಗೆದು ಆ ಯಂತ್ರಪ್ರಾಣಿಯ ಮೈಯನ್ನೇ ಅಲ್ಲಾಡಿಸಬಹುದು. ವಾ ರೂಟಾ ಆನೆಯಲ್ಲಿ ಸೊಂಡಿಲು ಎತ್ತಿ ಇಳಿಸಬಹುದು. ವಾ ಮೆಡೊ ಹಕ್ಕಿಯನ್ನು ಆ ಕಡೆ ಈ ಕಡೆ ವಾಲಿಸಬಹುದು. ವಾ ನಬೋರಿಸ್ ಒಂಟೆಯ ಹೊಟ್ಟೆಯಲ್ಲಿ ಮೂರು ಉರುಳೆ ಇವೆ, ಒಂದೊಂದನ್ನೇ ತಿರುಗಿಸಬಹುದು. ಒಂದು ಉರುಳೆ ತಿರುಗಿದರೆ ನೆಲ ಗೋಡೆಯಾಗುತ್ತದೆ.

ಇದು ವಾಟರ್ ಟೆಂಪಲ್‌ನ ಮೊಮ್ಮಗು ಅಲ್ವಾ? ನೀರಿನ ಬದಲು ಕಟ್ಟಡವೇ ಚಲಿಸುತ್ತದೆ. ಫಲಕ ಹುಡುಕಿ ಓಡಬೇಕಿಲ್ಲ, ನಿಂತ ಜಾಗದಿಂದಲೇ ತಿರುಗಿಸಬಹುದು. ಬೂಟಿನ ಪಾಠ ಕಲಿತಿದ್ದಾರೆ.

ಚೆಂಬೂರ್_ಅಜ್ಜ

ಕಲಿತಿದ್ದಾರೆ, ಆದರೆ ಬೀಗ ತೆಗೆದುಬಿಟ್ಟಿದ್ದಾರೆ. ಅಲ್ಲಿ ಒಂದೊಂದು ಪ್ರಾಣಿಯೊಳಗೂ ಐದು ಟರ್ಮಿನಲ್ (ಮುಟ್ಟಿ ಚಾಲೂ ಮಾಡುವ ಯಂತ್ರ), ಯಾವುದನ್ನು ಬೇಕಾದರೂ ಮೊದಲು ಮುಟ್ಟು. ತಪ್ಪು ಬಾಗಿಲು ಅಂತ ಒಂದಿಲ್ಲದಿದ್ದರೆ ಸರಿ ಬಾಗಿಲು ಸಿಕ್ಕ ಖುಷಿ ಎಲ್ಲಿಂದ ಬರಬೇಕು? 2000ದ ಜೆಲ್ಡಾ ಆಟ ಮಜೋರಾಸ್ ಮಾಸ್ಕ್‌ನ ಸ್ಟೋನ್ ಟವರ್ ನೋಡಿ. ಬೆಳಕಿನ ಬಾಣ ಬಿಟ್ಟರೆ ಇಡೀ ಗುಡಿ ತಲೆಕೆಳಗು. ಛಾವಣಿ ಮೇಲೆ ನಡೆಯುತ್ತೀರಿ, ಕಾಲ ಕೆಳಗೆ ಆಕಾಶ. ತಿರುಗಿಸುವ ಜಾಗ ಗುಡಿಯ ಹೊರಗೆ, ಒಂದೇ ಕಡೆ. ಅದಕ್ಕೇ ತಿರುಗಿಸುವ ಮುಂಚೆ ನಾಲ್ಕು ಸಲ ಯೋಚಿಸುತ್ತೀರಿ. ನಿಂತಲ್ಲೇ ಬಟನ್ ಒತ್ತಿ ತಿರುಗಿಸುವ ಹಾಗಿದ್ದರೆ ಯೋಚನೆ ಯಾರು ಮಾಡುತ್ತಾರೆ, ಸುಮ್ನೆ ಒತ್ತುತ್ತಾ ಕೂರುತ್ತಾರೆ.

ಠಾಣೆ_ಲೋಕಲ್

ಅಜ್ಜ ಹೇಳಿದ್ದರಲ್ಲಿ ನನ್ನ ವಾದ ಪೂರ್ತಿ ಇದೆ. ನೀರಿನ ಮಟ್ಟ ಬದಲಿಸುವುದು ದುಬಾರಿ ಆಗಿರಬೇಕು. ಫಲಕದವರೆಗೆ ಹೋಗಬೇಕು, ಹಾಡು ನುಡಿಸಬೇಕು. ಆ ದೂರವೇ ಮೊದಲು ಯೋಚಿಸು ಅಂತ ಹೇಳುವುದು. ಬೂಟು ಬದಲಿಸುವುದು ದುಬಾರಿ ಆಗಬಾರದಿತ್ತು, ಯಾಕೆಂದರೆ ಅದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ಎರಡೂ ಒಂದೇ ಕಡೆ ಬಂದದ್ದರಿಂದ ಜನ ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿಕೊಂಡರು. ಹೊಸಬರು ಎರಡನ್ನೂ ಅಗ್ಗ ಮಾಡಿಬಿಟ್ಟರು.

ಮಲ್ಲಿಗೆಯವರ ಬೋರ್ಡ್ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಪಟ್ಟಿ ಬೇಕಿತ್ತು ಅಂತಲೇ ಇಟ್ಟುಕೊಳ್ಳಿ.

ವಾಸ್ಕೊ_ಕಿಟ್ಟಿ

ಸಿಕ್ಕಿತುುು!! ಕೀ ಸಿಕ್ಕಿತು!! ಆ ಹೊಂಡದ ಮೇಲೆಯೇ ಎಷ್ಟು ಹೊತ್ತು ಈಜಾಡುತ್ತಿದ್ದೆ ದೇವರೇ.

ಇದು ಮುಗಿದ ಮೇಲೆ ಇದೇ ಆಟದ ಇನ್ನೊಂದು ಡಂಜನ್ ಶ್ಯಾಡೊ ಟೆಂಪಲ್‌ಗೆ ನೇರ ಹೋಗಬಹುದಾ, ಅಲ್ಲೂ ಇಂಥದ್ದೇ ಏನಾದರೂ ಕಾದಿದೆಯಾ?

ಮುಲುಂಡ್_ಮಲ್ಲಿಗೆ

ನೇರ ಹೋಗಬೇಡಿ. ಅಲ್ಲಿ ಗೋಡೆಯ ಹಾಗೆ ಕಾಣುವುದು ಗೋಡೆ ಅಲ್ಲ, ನೆಲದ ಹಾಗೆ ಕಾಣುವುದು ನೆಲ ಅಲ್ಲ. ಸುಳ್ಳು ಗೋಡೆ, ಸುಳ್ಳು ನೆಲ ತೋರಿಸಿಕೊಡುವ ಲೆನ್ಸ್ ಆಫ್ ಟ್ರೂತ್ ಬೇಕು. ಅದು ಕಕಾರಿಕೊ ಊರಿನ ಬಾವಿಯ ತಳದಲ್ಲಿದೆ, ಆಟದಲ್ಲಿ ಕಾಲ ಹಿಂದೆ ಹೋಗಿ, ಲಿಂಕ್ ಚಿಕ್ಕ ಹುಡುಗನಾಗಿದ್ದಾಗ ಹೋದರೆ ಮಾತ್ರ ಇಳಿಯಬಹುದು. ಬಾವಿಯಲ್ಲಿ ನೀರಿರುತ್ತದೆ. ಗಾಳಿಗಿರಣಿಯೊಳಗೆ ಹೋಗಿ ಸಾಂಗ್ ಆಫ್ ಸ್ಟಾರ್ಮ್ಸ್ ನುಡಿಸಿದರೆ ಬತ್ತುತ್ತದೆ.

ಹಿಂಜವಡಿ_ರಾತ್ರಿಪಾಳಿ

ಮತ್ತೆ ನೀರು ಇಳಿಸುವ ಕೆಲಸವೇ! ಅಲ್ಲಿ ಬೂಟು ಬೇಡ, ಅದೊಂದು ಪುಣ್ಯ.